ಠಣ್ ಅನ್ನೂತನಕ

ಬಾರ್ಜಿನ ಹೊಟ್ಟಿ ಬಡದು ನೋಡೂದು ನನ್ನ ಕೆಲಸ.
ಝುವಾರಿ ದಂಡಿಗೆ ಎಳದು ನಿಲ್ಲಿಸಿದ ಬಾರ್ಜಿನ ಕೆಳಗ
ಅಂಗಾತ ಮಲಗಿ, ಸುತ್ತಗಿಲೆ, ಗೇಣಿಗೊಂದು ಏಟು.
ಠಣ್ ಅಂದ್ರ ಗಟ್ಟಿ ಐತಿ.
ದಬ್ ಅಂದ್ರ ಒಳಗ ತಿಂದೈತಿ.
ಬಣ್ಣ ಸುಳ್ಳು ಹೇಳತೈತಿ, ದನಿ ಹೇಳಂಗಿಲ್ಲ.

ಬೈನಾದಾಗ ಹದಿನಾಕು ವರ್ಷ ಇದರ ಮ್ಯಾಲೇ ಉಂಡೇನಿ.
ನನ್ನ ಕಾಲು ಮಾತ್ರ ಯಾರೂ ಬಡದು ನೋಡಿದ್ದಿಲ್ಲ.

ಸರಪಳಿ ಜಾರಿ, ತಗಡು ಬಿದ್ದು, ಅದು ಮುರದದ್ದು
ಹೋದ ವರ್ಷ, ಬಕ್ರೀದಿನ ಮುಂದ.
ರಾಡು ಹಾಕಿದ್ರು. ಹೊಲಿಗಿ ಮಾಗಿತು. ನಡದೆ.
ಆಮ್ಯಾಲೆ ಮೊಣಕಾಲ ಕೆಳಗ, ಜ್ವಾಳದ ಕಾಳಿನಷ್ಟು,
ಒಂದು ಬಾಯಿ ತೆರೀತು.
ಮುಚ್ಚತಿತ್ತು, ತೆರೀತಿತ್ತು.
ಔಷಧದ ಅಂಗಡಿ ಕಾಮತ ಐದು ದಿನದ ಗುಳಿಗಿ ಕೊಡತಿದ್ದ,
ಆರನೇ ದಿನ ನಾ ಸುತ್ತಗಿ ಹಿಡೀತಿದ್ದೆ.
ಬೀಬಿಜಾನ ಅರಿಷಿಣ ಅಂದ್ಲು, ದಿಟ್ಟಿ ಅಂದ್ಲು,
ಕಡೀಕ ಏನೂ ಅನ್ನಲಾರದ
ನನ್ನ ಹಾಸಿಗಿ ಅರಿವಿ ಬ್ಯಾರೆ ಒಗದ್ಲು.
ನಾತ ನನಗ ಮೊದಲ ಬಂದಿತ್ತು. ಹೇಳಿದ್ದಿಲ್ಲ.

ಒಂದಿನ ಕೀವಿನ ಜೋಡಿ ಒಂದು ಚೂರು ಬಂತು,
ನುಚ್ಚಿನಷ್ಟು, ಬೆಳ್ಳಗ.
ಅಂಗೈಯಾಗ ಇಟಗೊಂಡು ಬಾಳ ಹೊತ್ತು ಕುಂತೆ.
ಕಬರಸ್ತಾನಕ್ಕ ನನಗಿಂತ ಮೊದಲ ಹೊಂಟಿತ್ತು ಅದು.

ಬಾಂಬೋಳಿ ದವಾಖಾನ್ಯಾಗ ಪ್ರಿಯೋಳಕರ ಬಾಯಾರು
ಫಿಲ್ಮು ಬೆಳಕಿಗೆ ಹಿಡದ್ರು.
ಅವರದು ಕೊಂಕಣಿ, ನಂದು ಕನ್ನಡ,
ನಡುವ ಹಿಂದಿ, ಅದೂ ಕುಂಟತಿತ್ತು ನನ್ನಂಗ.
"ಈ ತುಂಡು ಸತ್ತೈತಿ. ಇದಕ್ಕ ರಕ್ತ ಮುಟ್ಟಂಗಿಲ್ಲ.
ರಕ್ತ ಹೋಗಲಾರದಲ್ಲಿ ಗುಳಿಗಿ ಹೆಂಗ ಹೋಗತೈತಿ, ದಾವಲಸಾಬ?
ಸುತ್ತ ನೋಡು, ಜೀವ ಇದ್ದ ಎಲುಬು ಹೊಸಾ ಗ್ವಾಡಿ ಕಟ್ಟೈತಿ.
ಅದರೊಳಗ ಹುಳ ಕುಂತಾವ, ರಾಡಿಗೂ ಅಂಟ್ಯಾವ."

ಹೆಣ ಒಳಗಿಟಗೊಂಡು ಹೊರಗ ಗಿಲಾವ್ ಮಾಡಿದಂಗ.
ನನ್ನ ಮೈಯೇ ಮೇಸ್ತ್ರಿ.

"ಎಲ್ಲೀತನಕ ಕೆರೀತೀರಿ?" ಕೇಳಿದೆ.
"ಎಲುಬು ತಾನ ರಕ್ತ ಜಿನುಗೂತನಕ.
ಖಾರಪುಡಿ ಉದುರಿಸಿದಂಗ ಕೆಂಪು ಚುಕ್ಕಿ ಏಳತಾವ,
ಅಲ್ಲಿ ನಿಲ್ಲಸತೀನಿ."
ನಗು ಬಂತು ನನಗ, ಆ ಬೆಳಕಿನ ಡಬ್ಬಿ ಮುಂದ.
"ನಮ್ಮಲ್ಲೂ ಹಂಗ ರೀ. ಬೆಳ್ಳನ್ನ ಕಬ್ಬಿಣ ಹೊಳಿಯೂತನಕ.
ಅರ್ಧಕ್ಕ ಬಿಟ್ಟು ಬಣ್ಣ ಬಳದ್ರ ಮಳಿಗಾಲಕ್ಕ ಮತ್ತ ಗುಳ್ಳಿ."
"ಬಿಡತೀರೇನು, ಅರ್ಧಕ್ಕ?"

ಕೇಳಬಾರದಿತ್ತು ಬಾಯಾರು.

ಕೆರದ್ರು. ರಾಡು ತಗದು, ಕಾಲಿನ ಹೊರಗ
ಕಬ್ಬಿಣದ ಪಂಜರ ಕೂಡಿಸ್ಯಾರ.
ಆರು ವಾರ ಸೂಜಿ, ದಿನಕ್ಕ ಮೂರು.
ಬಾಜೂ ಮಂಚದ ಇನಾಸ್, ತೆಂಗು ಏರಾಂವ,
ತಡಾ ಮಾಡಿ ಬಂದಾನ.
ಇಲ್ಲದ ಪಾದ ತುರಸತೈತಿ ಅಂತ ರಾತ್ರಿ ಎಬ್ಬಸತಾನ.
ಹಾಸಿಗಿ ಮ್ಯಾಲಿನ ಖಾಲಿ ಜಾಗಾ ನಾ ಕೆರೀತೀನಿ,
ಆಂವ ನಿದ್ದಿ ಹೋಗತಾನ.

ನನಗ ಬರವಲ್ದು.

ಈ ಮೇ ತಿಂಗಳಾಗ ಒಂದು ಬಾರ್ಜು.
ಎಡಗಡೆ, ಮುಂದಿನಿಂದ ಮೂರನೇ ತಗಡು.
ಕೀವು ಸೋರೂ ಕಾಲಿನ ಮ್ಯಾಲೆ ನಿಂತು ಎರಡು ಸಲ ಬಡದಿದ್ದೆ.
ದಬ್ ಅಂದಿತ್ತು, ಎರಡೂ ಸಲ.
ಗುತ್ತೇದಾರ ಗಡಿಯಾರ ನೋಡಿದ,
ನಾ ಬಣ್ಣದ ಡಬ್ಬಿ ತಗದೆ.
ಈಗ ಅದು ಅದಿರು ಹೊತ್ತು ನೀರಾಗ ಐತಿ.
ಅಡಗಿ ಮಾಡೂ ಹುಡುಗ ಕೂಡಿ ಆರು ಮಂದಿ ಅದಾರ ಅದರಾಗ.

ಇವತ್ತ ಫೋನ್ ಹಚ್ಚಿ ಹೇಳಿದೆ.
ಎಡಗಡೆ, ಮೂರನೇದು, ಅಂತ.
"ಜ್ವರ ಬಂದೈತೇನಲೇ ನಿನಗ" ಅಂದ, ಇಟ್ಟ.
ನಾಳೆ ಮತ್ತ ಹಚ್ಚತೀನಿ.

ಗಂಜಿ ಕುಡದ ಚಮಚಾದಿಂದ
ಕಾಲಿಗೆ ಮೆಲ್ಲಕ ಬಡದೆ.
ಠಣ್ ಅಂತು.
ಅದು ಪಂಜರದ್ದು.
ಎಲುಬು ಇನ್ನೂ ಏನೂ ಹೇಳಿಲ್ಲ.